ಸೀಸೆಯ ಮೇಲೆ ಬರೆದದ್ದೆಲ್ಲ ನಿಜವೇ?

ಪ್ರಶ್ನೆ: ನಮ್ಮ ಮಗಳು ಬೆಂಗಳೂರಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಇಲಿ ಬಾಲದಿಂದ ತೆಗೆದ ಕೊಲಾಜೆನ್ ಜೆಲ್ಲಿನೊಳಗೆ ಮನುಷ್ಯರ ಚರ್ಮದ ಜೀವಕೋಶ ಬೆಳೆಸುತ್ತಾಳಂತೆ. ಆ ಕೋಶಗಳು ತಾವೇ ಹೊಸ ಕೊಲಾಜೆನ್ ತಯಾರಿಸಿವೆಯೇ ಎಂದು ನೋಡಲು ‘ಆ್ಯಂಟಿ ಹ್ಯೂಮನ್ ಕೊಲಾಜೆನ್’ ಎಂಬ ಆ್ಯಂಟಿಬಾಡಿ ತರಿಸಿದರು. ನೂರು ಮೈಕ್ರೋಲೀಟರ್, ಅಂದರೆ ಎರಡು ಹನಿ. ಬೆಲೆ ನನ್ನ ತಿಂಗಳ ಪಿಂಚಣಿಗಿಂತ ಹೆಚ್ಚು! ಈಗ ನೋಡಿದರೆ ಕೋಶ ಇಲ್ಲದ ಕಡೆಯೂ ಸ್ಲೈಡ್ ಹೊಳೆಯುತ್ತಿದೆಯಂತೆ. ಸೀಸೆ ಕೆಟ್ಟಿದೆಯೇ? ಹಾಗೇ ಇನ್ನೊಂದು: ನನ್ನ ಹೆಂಡತಿ ಕೊಲಾಜೆನ್ ಪುಡಿ ಕುಡಿಯುತ್ತಾಳೆ. ಅದು ಚರ್ಮಕ್ಕೆ ಸೇರಿದೆಯೇ ಎಂದು ಈ ಆ್ಯಂಟಿಬಾಡಿಯಿಂದ ಗೊತ್ತಾಗುತ್ತದೆಯೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಸೀಸೆ ಕೆಟ್ಟಿರಲಿಕ್ಕಿಲ್ಲ. ಅದರಲ್ಲಿರುವುದು ಇಲಿಯ ಕೊಲಾಜೆನ್ನಿಗೂ ಅಂಟಿಕೊಂಡಿದೆ ಎಂದು ನನ್ನ ಅನುಮಾನ. ಪೆಥಾಲಜಿ ಲ್ಯಾಬಿನಲ್ಲಿ ಸ್ಲೈಡಿಗೆ ಬಣ್ಣ ಹಾಕುತ್ತಲೇ ತಲೆ ನರೆತವಳು ನಾನು. ಲೇಬಲ್ ನಂಬಿ ಗ್ರ್ಯಾಂಟಿನ ದುಡ್ಡು ಕಳೆದುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ.

ಆ್ಯಂಟಿಬಾಡಿ ಎಂದರೆ, ಹೊರಗಿನ ವಸ್ತು ಮೈ ಸೇರಿದಾಗ ಅದನ್ನು ಗುರುತಿಸಿ ಅಂಟಿಕೊಳ್ಳಲು ಪ್ರಾಣಿಯ ದೇಹ ತಯಾರಿಸುವ ಪ್ರೋಟೀನ್. ‘ಆ್ಯಂಟಿ ಹ್ಯೂಮನ್’ ಎಂದು ಬರೆದಿದ್ದರೆ, ಮೊಲಕ್ಕೋ ಮೇಕೆಗೋ ಚುಚ್ಚಿದ್ದು ಮನುಷ್ಯರ ಕೊಲಾಜೆನ್ ಎಂದಷ್ಟೇ ತಿಳಿಯಬೇಕು. ಅದರಿಂದ ಹುಟ್ಟಿದ ಆ್ಯಂಟಿಬಾಡಿ ಇಲಿಯದ್ದನ್ನು ಮುಟ್ಟುವುದಿಲ್ಲ ಎಂದು ಯಾರೂ ಮಾತು ಕೊಟ್ಟಿಲ್ಲ. ಜೊತೆಗೆ ಬರುವ ಡೇಟಾಶೀಟಿನಲ್ಲಿ ಯಾವ ಯಾವ ಪ್ರಾಣಿಯ ಅಂಗಾಂಶದಲ್ಲಿ ಕೆಲಸ ಮಾಡುತ್ತದೆ ಎಂಬ ಸಾಲಿರುತ್ತದೆ. ಅಲ್ಲಿ ಇಲಿಯ ಹೆಸರಿಲ್ಲವೆಂದು ನಿಶ್ಚಿಂತರಾಗಬೇಡಿ. ಕಂಪನಿಯವರು ಇಲಿಯ ಮೇಲೆ ಪರೀಕ್ಷೆಯನ್ನೇ ಮಾಡದೆ ಇದ್ದಿರಬಹುದು.

ಕೊಲಾಜೆನ್ ವಿಷಯದಲ್ಲಂತೂ ಈ ಫಜೀತಿ ಹೆಚ್ಚು. ಮೂರು ಎಳೆ ಸೇರಿಸಿ ಹೊಸೆದ ಹಗ್ಗದ ಹಾಗಿರುವ ಪ್ರೋಟೀನ್ ಅದು. ಆ ಮೂರೆಳೆಯ ರಚನೆಯನ್ನು 1954ರಲ್ಲಿ ಮದ್ರಾಸಿನಿಂದ ಜಗತ್ತಿನ ಮುಂದಿಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಎಕ್ಸ್‌ರೇ ಹಾಯಿಸಿ ನೋಡಿದ್ದು ಕಾಂಗರೂ ಬಾಲದ ಸ್ನಾಯುರಜ್ಜುವನ್ನು! (ಇದೇ ರಾಮಚಂದ್ರನ್ ಮುಂದೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು.) ಕಾಂಗರೂವಾಗಲಿ, ಇಲಿಯಾಗಲಿ, ನೀವಾಗಲಿ, ಹೊಸೆದ ಭಾಗದಲ್ಲಿ ಪ್ರತಿ ಮೂರನೆಯ ಅಮೈನೋ ಆಮ್ಲ ಗ್ಲೈಸಿನ್ನೇ. ಸಸ್ತನಿಗಳಲ್ಲೆಲ್ಲ ಇದು ಇಷ್ಟೊಂದು ಹೋಲುವುದರಿಂದ ಚುಚ್ಚಿಸಿಕೊಂಡ ಮೊಲದ ಮೈಗೂ ಹೊರಗಿನದು ಎನ್ನಿಸುವುದು ಕಷ್ಟ. ಪ್ರಾಣಿಯಿಂದ ಪ್ರಾಣಿಗೆ ಹೆಚ್ಚು ವ್ಯತ್ಯಾಸ ಕಾಣುವುದು ಎರಡೂ ತುದಿಗಳಲ್ಲಿ, ಹುರಿಯಿಲ್ಲದ ಚಿಕ್ಕ ತುಣುಕುಗಳಲ್ಲಿ. ಮನುಷ್ಯರದ್ದನ್ನು ಮಾತ್ರ ಹಿಡಿಯಬೇಕೆಂದರೆ ಅಂಥ ಜಾಗಕ್ಕೇ ಅಂಟುವ ಆ್ಯಂಟಿಬಾಡಿ ಬೇಕು. ಇಲ್ಲವೇ ಇಲಿ, ದನದ ಕೊಲಾಜೆನ್ನಿಗೆ ಅಂಟುವವುಗಳನ್ನು ಮೊದಲೇ ಸೋಸಿ ತೆಗೆದಿರಬೇಕು.

ಮಗಳು ಮೊದಲು ಮಾಡಬೇಕಾದ್ದು ಇದು. ಕೋಶಗಳೇ ಇಲ್ಲದ ಬರೀ ಜೆಲ್ಲನ್ನು ಅದೇ ದಿನ, ಅದೇ ಆ್ಯಂಟಿಬಾಡಿಯಲ್ಲಿ, ಅಷ್ಟೇ ಹೊತ್ತು ನೆನೆಸಿ ನೋಡಲಿ. ಇನ್ನೊಂದು ತುಂಡಿಗೆ ಮೊದಲನೆಯದನ್ನು ಬಿಟ್ಟು, ಹೊಳೆಯುವ ಬಣ್ಣ ಹೊತ್ತು ಆ ಮೊದಲನೆಯದಕ್ಕೆ ಅಂಟಿಕೊಳ್ಳುವ ಎರಡನೆಯ ಆ್ಯಂಟಿಬಾಡಿಯನ್ನು ಮಾತ್ರ ಹಾಕಲಿ. ಅದೂ ಹೊಳೆದರೆ ದುಬಾರಿ ಸೀಸೆಯನ್ನು ಬೈಯುವ ಮುನ್ನ ಎರಡನೆಯದನ್ನು ವಿಚಾರಿಸಿಕೊಳ್ಳಬೇಕು. ಇಂಥ ಕಂಟ್ರೋಲ್ ಸ್ಲೈಡುಗಳನ್ನು ಸೀಸೆ ಬಂದ ದಿನವೇ ಮಾಡಿಸಬೇಕಿತ್ತು. ಗೈಡಿಗೆ ಬೇಸರವಾದರೆ ಆಗಲಿ.

ಎರಡನೆಯದರದ್ದೇನೂ ತಪ್ಪಿಲ್ಲದೆ ಬರೀ ಜೆಲ್ಲೂ ಹೊಳೆದರೆ, ಮುಂದಿನ ಆರ್ಡರು ಪ್ರೊಕೊಲಾಜೆನ್ ಆ್ಯಂಟಿಬಾಡಿಗೆ ಹೋಗಲಿ. ಕೋಶ ಕೊಲಾಜೆನ್ ತಯಾರಿಸುವಾಗ ಎರಡೂ ತುದಿಗೆ ಹೆಚ್ಚುವರಿ ತುಂಡು ಸೇರಿಸಿರುತ್ತದೆ. ತುಂಡು ಸಮೇತವಿರುವ ಈ ರೂಪವೇ ಪ್ರೊಕೊಲಾಜೆನ್; ಆ್ಯಂಟಿಬಾಡಿ ಅಂಟಬೇಕಾದ್ದು ಆ ತುಂಡಿಗೆ. ನಾರು ಕಟ್ಟುವ ಹೊತ್ತಿಗೆ ಅದು ಕತ್ತರಿಸಿ ಹೋಗುತ್ತದೆ. ಇಲಿ ಬಾಲದಿಂದ ತೆಗೆದ ಬಲಿತ ಕೊಲಾಜೆನ್ನಿನಲ್ಲಿ ಅದು ಇರುವುದಿಲ್ಲ. ಹಾಗಾಗಿ ಹೊಳೆದದ್ದು ಕೋಶಗಳ ಹೊಸ ದುಡಿಮೆ ಎನ್ನಬಹುದು. ಮೂಳೆ ಸವೆತದವರಿಗೆ ಬರೆಯುವ ‘ಪಿ1ಎನ್‌ಪಿ’ ರಕ್ತಪರೀಕ್ಷೆ ಅಳೆಯುವುದೂ ಇಂಥದೇ ಒಂದು ತುಂಡನ್ನು, ಅದೂ ಆ್ಯಂಟಿಬಾಡಿಯಿಂದಲೇ. ಆದರೆ ಕೋಶ ದುಡಿಯುತ್ತಿದೆ ಎಂದಷ್ಟೇ ಇದರಿಂದ ತಿಳಿಯುತ್ತದೆ. ಜೆಲ್ಲಿನಲ್ಲಿ ನಾರು ಎಷ್ಟು ಕೂಡಿತು ಎಂಬ ಲೆಕ್ಕ ಸಿಗದು.

ಕೋಶಗಳಿಗೆ ವಿಟಮಿನ್ ಸಿ ಹಾಕುತ್ತಿದ್ದಾಳೆಯೇ ಎಂದೂ ಕೇಳಿ. ಅದಿಲ್ಲದಿದ್ದರೆ ಮೂರೆಳೆಯ ಹುರಿ ಗಟ್ಟಿಯಾಗಿ ನಿಲ್ಲುವುದಿಲ್ಲ. ಸ್ಕರ್ವಿ ರೋಗದಲ್ಲಿ ವಸಡು ಸಡಿಲವಾಗುವುದೂ ಇದೇ ಕಾರಣಕ್ಕೆ.

ಇನ್ನು ನಿಮ್ಮ ಮನೆಯವರ ಪುಡಿ. ಅದು ದನದ್ದೋ ಹಂದಿಯದೋ ಮೀನಿನದೋ ಕೊಲಾಜೆನ್, ಸಾಮಾನ್ಯವಾಗಿ ಮೊದಲೇ ಸಣ್ಣ ತುಂಡಾಗಿಸಿದ್ದು. ಹೊಟ್ಟೆ, ಕರುಳು ಅದನ್ನು ಇನ್ನಷ್ಟು ಒಡೆದು ಅಮೈನೋ ಆಮ್ಲವನ್ನೋ ಚಿಕ್ಕ ಪೆಪ್ಟೈಡುಗಳನ್ನೋ ರಕ್ತಕ್ಕೆ ಬಿಡುತ್ತವೆ. ಅವರ ಚರ್ಮದಲ್ಲಿರುವ ಕೊಲಾಜೆನ್ ಅವರ ಕೋಶಗಳೇ ತಯಾರಿಸಿದ್ದು. ಅದರಲ್ಲಿ ಪುಡಿಯ ಪಾಲೆಷ್ಟು ಎಂದು ಯಾವ ಆ್ಯಂಟಿಬಾಡಿಯೂ ಹೇಳಲಾರದು. ಮನೆಯಲ್ಲಿ ಮೀನು, ಮಾಂಸ ನಡೆಯದಿದ್ದರೆ ಡಬ್ಬಿಯ ಹಿಂಬದಿಯನ್ನು ಒಮ್ಮೆ ಓದಲು ಹೇಳಿ.