ಎಲ್‌ಪಿ ಏನು ಮೆಕ್ಕೆಜೋಳವೇ, ತೂಕ ನೋಡಿ ಕೊಳ್ಳೋಕೆ?

ಪ್ರಶ್ನೆ: ಟೀನಾ ಬ್ರೂಕ್ಸ್ ಅವರ ಜಾಝ್ ಆಲ್ಬಂ ‘ಮೈನರ್ ಮೂವ್’ ಎಲ್‌ಪಿ (ಗ್ರಾಮಫೋನ್ ಪ್ಲೇಟು) ಮತ್ತೆ ಅಚ್ಚಾಗಿದೆ. ಇದನ್ನೇ ಕೊಳ್ಳಲೋ, ಹಳೇ ಒರಿಜಿನಲ್ ಹುಡುಕಲೋ? ಪ್ಲೇಟಿನ ತೂಕ 180 ಗ್ರಾಂ ಇದ್ದರೆ ಸೌಂಡ್ ಚೆನ್ನಾಗಿರುತ್ತದಂತೆ, ನಿಜವೇ?
– ಪಿ.ಜೆ. ಬಡಾವಣೆ, ದಾವಣಗೆರೆ

ಈ 180 ಗ್ರಾಂ ಪ್ರಶ್ನೆಗೆ ಬರೆದು ಬರೆದು ಸಾಕಾಗಿದೆ. ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಗಿದ ಹಾಗೆ ಎಲ್‌ಪಿ ತೂಗಬೇಡಿ. ಭಾರದ ಪ್ಲೇಟು ಕೈಗೆ ಗಟ್ಟಿ ಅನಿಸುತ್ತದೆ, ಅಷ್ಟೇ. ಸದ್ದು ಇರುವುದು ಮುಳ್ಳು ಓಡುವ ಗೆರೆಯಲ್ಲಿ. ಆ ಗೆರೆಯನ್ನು ಯಾರು ಕೊರೆದರು, ರೆಕಾರ್ಡಿಂಗ್‌ನ ಯಾವ ಟೇಪಿನಿಂದ ಕೊರೆದರು ಅಂತ ಕೇಳಿ.

ಒರಿಜಿನಲ್ ಹುಡುಕಬೇಡಿ. ಇದ್ದರೆ ತಾನೇ ಸಿಗೋದು? ಬ್ಲೂ ನೋಟ್ ಕಂಪನಿ ಇದನ್ನು ರೆಕಾರ್ಡ್ ಮಾಡಿದ್ದು 1958ರ ಮಾರ್ಚ್ 16ರಂದು. ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್. ಸ್ಟುಡಿಯೊ ಅಂದರೆ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿದ್ದ ಅವರ ಅಪ್ಪ-ಅಮ್ಮನ ಮನೆಯ ಹಾಲ್! ಸ್ಯಾಕ್ಸೊಫೋನ್‌ಗೆ ಬ್ರೂಕ್ಸ್ ಅವರೇ, ಟ್ರಂಪೆಟ್‌ಗೆ ಲೀ ಮಾರ್ಗನ್, ಪಿಯಾನೊಗೆ ಸೋನಿ ಕ್ಲಾರ್ಕ್, ಬೇಸ್‌ಗೆ ಡಗ್ ವಾಟ್ಕಿನ್ಸ್, ಡ್ರಮ್ಸ್‌ಗೆ ಆರ್ಟ್ ಬ್ಲೇಕಿ. ಇಂಥವರನ್ನು ಕೂಡಿಸಿಯೂ ಕಂಪನಿ ಟೇಪನ್ನು ಕಪಾಟಿನಲ್ಲಿಟ್ಟಿತು. ಬ್ರೂಕ್ಸ್ ಬದುಕಿದ್ದಾಗ ಅವರ ಹೆಸರಲ್ಲಿ ಹೊರಬಂದದ್ದು ‘ಟ್ರೂ ಬ್ಲೂ’ ಒಂದೇ. 1974ರಲ್ಲಿ, 42ನೇ ವಯಸ್ಸಿಗೇ ತೀರಿಕೊಂಡರು. ‘ಮೈನರ್ ಮೂವ್’ ಮೊದಲು ಅಚ್ಚಾಗಿದ್ದು 1980ರಲ್ಲಿ, ಅದೂ ಜಪಾನಿನಲ್ಲಿ. ‘1958ರ ಫಸ್ಟ್ ಪ್ರೆಸ್ ಇದೆ ಸಾರ್’ ಅಂತ ಯಾರಾದರೂ ವಾಟ್ಸಾಪ್ ಮಾಡಿದರೆ ಸುಮ್ನೆ ಬ್ಲಾಕ್ ಮಾಡಿ.

2019ರಲ್ಲಿ ಬ್ಲೂ ನೋಟ್‌ನವರೇ ಟೋನ್ ಪೊಯೆಟ್ ಎಂಬ ಮರುಮುದ್ರಣ ಮಾಲೆಯಲ್ಲಿ ಇದನ್ನು ತಂದರು. ಮೂಲ ಟೇಪಿನಿಂದ ಕೊರೆದವರು ಕೆವಿನ್ ಗ್ರೇ. ನೀವು ನೋಡಿದ್ದು ಅದೇ ಆದರೆ ಧೈರ್ಯವಾಗಿ ತಗೊಳ್ಳಿ.

ಬೇರೆ ಹಳೇ ಆಲ್ಬಂಗಳನ್ನು ಅರ್ಧ ಬೆಲೆಗೆ ಮಾರುವ ಹೆಸರಿಲ್ಲದ ಲೇಬಲ್‌ಗಳ (ರೆಕಾರ್ಡ್ ಕಂಪನಿಗಳ) ಕಥೆ ಬೇರೆ. ಯುರೋಪಿನಲ್ಲಿ 1963ಕ್ಕೆ ಮುಂಚೆ ಹೊರಬಂದ ರೆಕಾರ್ಡಿಂಗ್‌ಗಳ ಹಕ್ಕಿನ ಅವಧಿ ಮುಗಿದಿದೆ. ಯಾರು ಬೇಕಾದರೂ ಅಚ್ಚು ಹಾಕಬಹುದು. ಮೂಲ ಟೇಪ್ ಮಾತ್ರ ಅವರ ಕೈಗೆ ಸಿಗೋದಿಲ್ಲ. ಹಾಗಾಗಿ ಸಿಡಿಯಿಂದಲೇ ಪ್ಲೇಟು ಮಾಡುವವರು ಬೇಕಾದಷ್ಟಿದ್ದಾರೆ. ನಾನೂ ಒಮ್ಮೆ ಬಣ್ಣದ ಪ್ಲೇಟಿಗೆ ಮರುಳಾಗಿ ಹೀಗೇ ದುಡ್ಡು ಕಳೆದುಕೊಂಡೆ. ಮನೆಯಲ್ಲಿದ್ದ ಸಿಡಿಯೇ ಅದಕ್ಕಿಂತ ಚೆನ್ನಾಗಿತ್ತು. ಕವರಿನ ಮೇಲೆ ಟೇಪಿನ ಮಾತೇ ಇಲ್ಲದೆ ಬರೀ ‘ರೀಮಾಸ್ಟರ್ಡ್’ ಅಂತಿದ್ದರೆ ವಾಪಸ್ ಇಟ್ಟುಬಿಡಿ.

ಹಾಗಂತ ಡಿಜಿಟಲ್ ಅಂದರೆ ಮೈಲಿಗೆಯಲ್ಲ. ಅಮೆರಿಕದ ಒಂದು ದುಬಾರಿ ಲೇಬಲ್ ಟೇಪಿಗೂ ಪ್ಲೇಟಿಗೂ ನಡುವೆ ಡಿಜಿಟಲ್ ಹಂತ ಬಳಸುತ್ತಿದ್ದ ವಿಷಯ 2022ರಲ್ಲಿ ಬಯಲಾಯಿತು. ಅಲ್ಲಿಯವರೆಗೆ ಅದನ್ನೇ ಅಪ್ಪಟ ಅನಲಾಗ್ (ಡಿಜಿಟಲ್ ಸೋಂಕೇ ಇಲ್ಲದ್ದು) ಅಂತ ಹೊಗಳಿದ್ದವರು ನಮ್ಮ ‘ಬಂಗಾರದ ಕಿವಿ’ ಪಂಡಿತರೇ. ಹೇಳದೆ ಮಾರಿದ್ದು ತಪ್ಪು, ಅದು ಬೇರೆ ಮಾತು.

ಪ್ರಶ್ನೆ: ನನ್ನ ಹೊಸ ಬ್ಲೂ ನೋಟ್ ಪ್ಲೇಟಿನಲ್ಲಿ ಲೇಬಲ್ ಪಕ್ಕ ‘ಕಿವಿ’ ಗುರುತಿಲ್ಲ. ನಕಲಿಯೇ? – ಹರಿಹರ

ಅಲ್ಲ. ಅದು ಆಗ ಬ್ಲೂ ನೋಟ್ ಪ್ಲೇಟು ಅಚ್ಚು ಹಾಕುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯ ಗುರುತು. 1966ಕ್ಕೇ ನಿಂತಿತು.

ಪ್ರಶ್ನೆ: ಟೀನಾ ಬ್ರೂಕ್ಸ್ ಅವರಂಥ ಬೇರೆ ಮಹಿಳಾ ಕಲಾವಿದರು ಯಾರು? – ಚಿತ್ರದುರ್ಗ

ಟೀನಾ ಗಂಡಸು. ಹೆಸರು ಹೆರಾಲ್ಡ್. ಮುಂದಿನ ಪ್ರಶ್ನೆ.

ಪ್ರಶ್ನೆ: ಬಾಗಿದ ಎಲ್‌ಪಿಯನ್ನು ಎರಡು ಗಾಜಿನ ನಡುವೆ ಬಿಸಿಲಿಗಿಟ್ಟರೆ ನೇರ ಆಗುತ್ತದಂತೆ? – ಚಳ್ಳಕೆರೆ

ಏಪ್ರಿಲ್ ಬಿಸಿಲಲ್ಲಿ, ಅದೂ ಚಳ್ಳಕೆರೆಯಲ್ಲಿ! ಮಾಳಿಗೆ ಮೇಲೆ ಹಪ್ಪಳ ಒಣಗಿಸಿ. ಈ ಉಪಾಯ ಹೇಳಿಕೊಟ್ಟವರ ಪ್ಲೇಟು ಮೊದಲು ಇಡಲಿ.

ಪ್ರಶ್ನೆ: ತಾತನ ಕಾಲದ ನಾಟಕದ ಹಾಡಿನ 78 ಸ್ಪೀಡ್ ಪ್ಲೇಟುಗಳಿವೆ. ಸ್ಯಾನಿಟೈಸರ್‌ನಲ್ಲಿ ಒರೆಸಬಹುದಾ? – ಹೊಸದುರ್ಗ

ಬೇಡವೇ ಬೇಡ! ಅವು ಅರಗಿನವು, ಆಲ್ಕೋಹಾಲ್ ತಗುಲಿದರೆ ಕರಗುತ್ತವೆ. ಎಲ್‌ಪಿ ಮುಳ್ಳನ್ನೂ ಅದರ ಮೇಲೆ ಇಡಬೇಡಿ, 78ಕ್ಕೆ ದಪ್ಪ ಮುಳ್ಳೇ ಬೇರೆ ಬರುತ್ತದೆ. ಈಗಾಗಲೇ ಒಂದನ್ನು ಒರೆಸಿದ್ದರೆ ನನಗೆ ಹೇಳಬೇಡಿ, ಹೊಟ್ಟೆ ಉರಿಯುತ್ತದೆ.