ಮೊದಲು ಅವರ ಮನೆಗೆ ಹೋಗಿ

ಬದಿಯಡ್ಕ ಕಡೆಯಿಂದ ಬಂದ ಈ ಪತ್ರವನ್ನು ಮೂರು ಸಲ ಓದಿದೆ. ರಾತ್ರಿ ನಿದ್ದೆ ಬರಲಿಲ್ಲ.

ಬರೆದವರು ಊರಿನ ಭಜನಾ ಮಂದಿರದಲ್ಲಿ ಇಪ್ಪತ್ತು ವರ್ಷ ಹಾಡಿದವರು. ಮಹಾಳಿ ಅನ್ನುವ ಕೊಳೆರೋಗ ಬಂದು ಅಡಿಕೆಯೆಲ್ಲ ಉದುರಿದ ವರ್ಷ, ಅಡವಿಟ್ಟ ಚಿನ್ನ ಏಲಂಗೆ ಹೋಗುವ ಹೆದರಿಕೆಯಲ್ಲಿ, ಒಂದು ಹಗಲು ಒಂದು ರಾತ್ರಿ ನಿಲ್ಲದೆ ನಡೆಯುವ ಏಕಾಹ ಭಜನೆಗೆ ಕೂಡಿಸಿಟ್ಟಿದ್ದ ಹಣದಿಂದ 18,000 ರೂಪಾಯಿ ತೆಗೆದರು. ಎಂಟು ತಿಂಗಳು ಬಾಯಿ ಬಿಡಲಿಲ್ಲ. ಆಮೇಲೆ ಸಭೆಯಲ್ಲಿ ಎದ್ದು ನಿಂತು ಒಪ್ಪಿಕೊಂಡರು. ಕಂತು ಕಂತಾಗಿ ಪೂರ್ತಿ ತೀರಿಸಿದರು. ಮಂದಿರದ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ಮೂರು ವರ್ಷದ ನಂತರ ಈಗ, ಈ ಸಲದ ಏಕಾಹಕ್ಕೆ ಹಾಡಬೇಕು ಅಂತ ಕರೆ ಬಂದಿದೆ. "ದೇವರು ನನ್ನನ್ನು ಕ್ಷಮಿಸಿದ್ದಾನಾ? ಈ ಬಾಯಲ್ಲಿ ಅವನ ಹೆಸರು ಹೇಳಬಹುದಾ?"

ಕುಂಬಳೆ ಹತ್ತಿರದ ಅನಂತಪುರ ನಿಮಗೇನೂ ದೂರವಲ್ಲ. ಆ ಕೆರೆಯ ನಡುವಿನ ದೇವಸ್ಥಾನದ ಕಥೆ ಚಿಕ್ಕಂದಿನಿಂದ ಕೇಳಿರುತ್ತೀರಿ. ಬಿಲ್ವಮಂಗಲ ಸ್ವಾಮಿಗಳ ಸೇವೆಗೆ ಒಬ್ಬ ಹುಡುಗ ನಿಂತಿದ್ದ. ಒಂದು ದಿನ ಪೂಜೆಯ ಹೊತ್ತಿಗೆ ಅವನ ತುಂಟಾಟ ಜಾಸ್ತಿಯಾಯಿತು. ಸ್ವಾಮಿಗಳು ಸಿಟ್ಟಿನಲ್ಲಿ ಅವನನ್ನು ನೂಕಿಬಿಟ್ಟರು. ನೂಕಿದ್ದು ದೇವರನ್ನೇ! ಹುಡುಗ ಮಾಯವಾದ. ಆದರೆ ಸುಮ್ನೆ ಹೋಗಲಿಲ್ಲ. ನನ್ನನ್ನು ನೋಡಬೇಕಿದ್ದರೆ ಅನಂತನ ಕಾಡಿಗೆ ಬಾ ಅಂದು ಹೋದ. ಸ್ವಾಮಿಗಳು ತೆಂಕು ದಿಕ್ಕಿಗೆ ಹುಡುಕುತ್ತಾ ಹೊರಟರು. ತಿರುವನಂತಪುರದಲ್ಲಿ ಅವನು ಅನಂತಪದ್ಮನಾಭನಾಗಿ ಕಾಣಿಸಿಕೊಂಡ. ಸ್ವಾಮಿಗಳು ಕೈಗೆ ಸಿಕ್ಕ ಮಾವಿನ ಮಿಡಿಯನ್ನು ತೆಂಗಿನ ಗೆರಟೆಯಲ್ಲಿಟ್ಟು ನೈವೇದ್ಯ ಮಾಡಿದರಂತೆ. ತನ್ನನ್ನು ನೂಕಿದವರ ಕೈಯಿಂದಲೇ ಅವನು ತೆಗೆದುಕೊಂಡ. ನಿಮ್ಮ ಹಾಡನ್ನು ಬೇಡ ಅನ್ನುತ್ತಾನಾ?

ಹಾಗಾಗಿ ದೇವರ ವಿಷಯದಲ್ಲಿ ನನಗೆ ಚಿಂತೆ ಇಲ್ಲ. ನನ್ನನ್ನು ಕಾಡಿದ್ದು ನಿಮ್ಮ ಪತ್ರದ ನಡುವಿನ ಒಂದು ಸಾಲು. "ಕೋಶಾಧಿಕಾರಿಯವರೇ ಗುಡ್ಡೆ ಹತ್ತಿ ಮನೆಗೆ ಬಂದು ಕರೆದರು. ಆ ಎಂಟು ತಿಂಗಳು ಕೆಲವರಿಗೆ ಅವರ ಮೇಲೆ ಸ್ವಲ್ಪ ಸಂಶಯ ಇತ್ತು."

ಸ್ವಲ್ಪವಾ? ಲೆಕ್ಕಪುಸ್ತಕ ಅವರ ಕೈಯಲ್ಲಿತ್ತು. ಪ್ರತಿ ವಾರ ಭಜನೆಗೆ ಬಂದು ಕೂತಾಗ ಜನ ಅವರ ಮುಖ ಹೇಗೆ ನೋಡಿರಬೇಡ? ಅವರ ಹೆಂಡತಿ ಮಕ್ಕಳು ಮದುವೆ ಮನೆಯಲ್ಲಿ ಏನೇನು ಕೇಳಿರಬೇಡ? ದೇವರ ಕ್ಷಮೆಯ ಬಗ್ಗೆ ನೀವು ಎರಡು ಪುಟ ಬರೆದಿದ್ದೀರಿ. ಇವರಿಗೆ ಒಂದು ಸಾಲು. ಸಭೆಯಲ್ಲಿ ಸಮಿತಿಯ ಕ್ಷಮೆ ಕೇಳಿದಿರಿ. ಇವರ ಹತ್ತಿರ ಕೇಳಿದ್ದು ಪತ್ರದಲ್ಲಿ ಎಲ್ಲೂ ಇಲ್ಲ. ಆದರೂ ಮಂಡಿನೋವಿನ ಕಾಲಿನಲ್ಲಿ ಗುಡ್ಡೆ ಹತ್ತಿ ಬಂದವರು ಅವರೇ. ಈ ಅಂಕಣದಲ್ಲಿ ಮತ್ತೆ ಮತ್ತೆ ಹೇಳುತ್ತಾ ಬಂದಿದ್ದೇನೆ, ದೇವರು ಕರೆಯುವುದು ಮನುಷ್ಯರ ಬಾಯಿಂದಲೇ.

ಇನ್ನು ನಿಮ್ಮ ಭಾವ. "ಮರ್ಯಾದೆ ಇದ್ದವನು ಮತ್ತೆ ಅಲ್ಲಿ ಹೋಗಿ ಕೂರುವುದಿಲ್ಲ" ಅಂದರಂತೆ. ಚಿನ್ನ ಏಲಂಗೆ ಹೋಗುವಾಗ ಇವರು ಎಲ್ಲಿದ್ದರು? ಅವರ ಮಾತು ಬಿಟ್ಟುಬಿಡಿ.

ಏಕಾಹದ ದಿನ ನೇರ ಮಂದಿರಕ್ಕೆ ಹೋಗಬೇಡಿ. ಮೊದಲು ಕೋಶಾಧಿಕಾರಿಯವರ ಮನೆಗೆ ಹೋಗಿ. ಅವರ ಹೆಂಡತಿ ಮಕ್ಕಳ ಎದುರಿಗೇ, "ನನ್ನಿಂದಾಗಿ ನಿಮಗೆ ಕೆಟ್ಟ ಹೆಸರು ಬಂತು, ತಪ್ಪಾಯಿತು" ಅನ್ನಿ. ಅಲ್ಲಿಂದ ಇಬ್ಬರೂ ಒಟ್ಟಿಗೆ ನಡೆದು ಹೋಗಿ. ಹಣದ ಪೆಟ್ಟಿಗೆಯ ಬೀಗದ ಕೈ ಮಾತ್ರ ಯಾರು ಕೊಟ್ಟರೂ ಮುಟ್ಟಬೇಡಿ. ತಾಳ ತೆಗೆದುಕೊಳ್ಳಿ, ಅವರ ಪಕ್ಕದಲ್ಲಿ ಕೂತು ಹಾಡಿ.