ಛಲದ ಕಥೆ ಬಿಡಿ, ಕೈಯ ಕಥೆ ಬರೆಯಿರಿ

ನಮಸ್ಕಾರ.

ಲಕ್ವ ಹೊಡೆದ ನಿಮ್ಮ ದೊಡ್ಡಪ್ಪನ ಚೇತರಿಕೆಯ ಬಗ್ಗೆ ನೀವು ಬರೆದ ‘ಛಲಕ್ಕೆ ಮಣಿದ ಲಕ್ವ’ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಮೈಯ ಚಲನೆಗೆ ಆಜ್ಞೆ ಕೊಡುವ ಮೆದುಳಿನ ಪಟ್ಟಿಯಲ್ಲಿ ಬೆನ್ನಿಗಿಂತ ಬೆರಳು, ತುಟಿ, ನಾಲಿಗೆಗಳಿಗೆ ಎಷ್ಟೋ ಹೆಚ್ಚು ಜಾಗ ಸಿಕ್ಕಿದೆ ಎಂಬುದನ್ನು ಮೆದುಳಿನ ಶಸ್ತ್ರವೈದ್ಯ ಪೆನ್‌ಫೀಲ್ಡರ 1937ರ ನಕ್ಷೆ ಹಿಡಿದು ಸರಿಯಾಗಿ ಹೇಳಿದ್ದೀರಿ. ನಿಮ್ಮ ದೊಡ್ಡಪ್ಪ ಕಾಫಿ ಲೋಟ ಹಿಡಿದುಕೊಂಡವರು ಬಿಡಲಾಗದೆ, ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು ಎಂಬ ಸಾಲಿಗೆ ಬಂದಾಗ ಮುಂದೆ ಓದಲಾಗದೆ ಸ್ವಲ್ಪ ಹೊತ್ತು ಕೂತೆ. ಈ ಉದ್ದನೆಯ ಪತ್ರ ಆ ಸಾಲಿಗಾಗಿ. ಅದರ ಹಿಂದೆ ಮುಂದೆ ಇರುವುದು ನನಗೆ ಸಿಟ್ಟು ತರಿಸಿತು, ಮುಚ್ಚಿಡುವುದಿಲ್ಲ.

ಎರಡನೇ ಪುಟದಲ್ಲಿ, “ಛಲವೊಂದಿದ್ದರೆ ಸತ್ತ ಮೆದುಳಿನ ಕೋಶಗಳೂ ಮತ್ತೆ ಹುಟ್ಟುತ್ತವೆ” ಎಂದಿದ್ದೀರಿ. ಹುಟ್ಟುವುದಿಲ್ಲ. ರಕ್ತ ಹರಿಯದೆ ಸತ್ತ ಭಾಗ ಸತ್ತಿದ್ದೇ. ಚೇತರಿಕೆ ಬರುವುದು ಉಳಿದುಕೊಂಡ ಭಾಗದಿಂದ. ಮೊದಲ ವಾರಗಳಲ್ಲಿ ಸುತ್ತಲಿನ ಬಾವು ಇಳಿಯುತ್ತದೆ, ಸಾಯದೆ ಸ್ತಬ್ಧವಾಗಿದ್ದ ಭಾಗಗಳು ಕೆಲಸಕ್ಕೆ ಮರಳುತ್ತವೆ. ಅಕ್ಕಪಕ್ಕದ ಭಾಗಗಳು ಹೊಸ ಹೊಣೆ ಹೊರುವುದೂ ಉಂಟು, ಆದರೆ ಕೆಲಸ ಕೊಟ್ಟರೆ ಮಾತ್ರ. ನರವಿಜ್ಞಾನಿ ರಾಂಡಾಲ್ಫ್ ನ್ಯೂಡೊ ತಂಡ 1996ರಲ್ಲಿ ಪ್ರಕಟಿಸಿದ ಕೋತಿಗಳ ಪ್ರಯೋಗ ನೋಡಿ. ಮೆದುಳಿನಲ್ಲಿ ಕೈಗೆ ಮೀಸಲಾದ ಜಾಗದಲ್ಲಿ ಸಣ್ಣ ಹಾನಿ ಮಾಡಿ ಸುಮ್ಮನೆ ಬಿಟ್ಟಾಗ, ಹಾನಿಯಾಗದೆ ಉಳಿದ ಪಕ್ಕದ ಕೈಭಾಗವೂ ಕುಗ್ಗಿತು. ಕಿರಿದಾದ ಗುಳಿಗಳಿಂದ ಬೆರಳು ಹಾಕಿ ಆಹಾರ ತೆಗೆಯುವ ಅಭ್ಯಾಸ ಮಾಡಿಸಿದ ಕೋತಿಗಳಲ್ಲಿ ಅದು ಕುಗ್ಗಲಿಲ್ಲ. ಕೆಲವುಗಳಲ್ಲಿ ಮೊದಲು ಮೊಣಕೈ, ಭುಜಗಳಿಗಿದ್ದ ಜಾಗಕ್ಕೂ ಹಬ್ಬಿತು.

ಛಲಕ್ಕೆ ಇಲ್ಲಿ ಒಂದು ಮಿತಿಯೂ ಇದೆ. ಚಲನೆಯ ಆಜ್ಞೆ ಹೊತ್ತ ನರತಂತುಗಳು ಮೆದುಳಿನಿಂದ ಇಳಿಯುವಾಗ ಇಂಟರ್ನಲ್ ಕ್ಯಾಪ್ಸೂಲ್ ಎಂಬ ಇಕ್ಕಟ್ಟಿನ ಜಾಗದಲ್ಲಿ ಒತ್ತೊತ್ತಾಗಿ ಸಾಗುತ್ತವೆ. ಮೆದುಳುಕಾಂಡದ ಕೆಳತುದಿಯಲ್ಲಿ ಅವುಗಳಲ್ಲಿ ನೂರಕ್ಕೆ 85ರಿಂದ 90 ಪಾಲು ಪಕ್ಕ ಬದಲಿಸುತ್ತವೆ. ಆ ಇಕ್ಕಟ್ಟಿನಲ್ಲಿ ಒಂದು ಸೆಂಟಿಮೀಟರಿನಷ್ಟು ಹಾನಿಯಾದರೂ ಎದುರು ಪಕ್ಕದ ಮುಖ, ಕೈ, ಕಾಲು ಮೂರೂ ಬೀಳಬಹುದು. ಬೆರಳುಗಳು ಎಷ್ಟು ಮರಳುತ್ತವೆ ಎಂಬುದು ಬಹುಮಟ್ಟಿಗೆ ಆ ತಂತುಗಳು ಎಷ್ಟು ಉಳಿದಿವೆ ಎನ್ನುವುದರ ಮೇಲೆ ನಿಂತಿದೆ. ಅವು ಪೂರ್ತಿ ಕಡಿದುಹೋದವರು ಹಗಲಿರುಳು ಹಟ ಹಿಡಿದರೂ ಬೆರಳನ್ನು ಒಂದೊಂದಾಗಿ ಆಡಿಸಲಾರರು. ಅಂಥವರ ಮನೆಯಲ್ಲಿ ನಿಮ್ಮ ವಾಕ್ಯ ಓದಿದವರು ‘ನೀನೇ ಮನಸ್ಸು ಮಾಡ್ತಿಲ್ಲ’ ಅನ್ನುತ್ತಾರೆ. ಹಾಸಿಗೆ ಹಿಡಿದವರ ಮೇಲೆಯೇ ತಪ್ಪು ಹೊರಿಸುವ ವಾಕ್ಯವನ್ನು ನಾನು ಅಚ್ಚಿಗೆ ಕಳಿಸುವುದಿಲ್ಲ.

ಇನ್ನು ಮೂರನೇ ಪುಟ. “ದಿನವೂ ತಪ್ಪದೆ ರಬ್ಬರ್ ಚೆಂಡು ಹಿಸುಕುವ ವ್ಯಾಯಾಮ ಮಾಡಿದರು, ಕೈ ಮೊದಲಿನಂತಾಯಿತು.” ನಾನು ಪುರವಣಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ಹಿರಿಯರೊಬ್ಬರು ಇಂಥ ವಾಕ್ಯದ ಅಂಚಿನಲ್ಲಿ ‘ಹೇಗೆ? ಎಷ್ಟು? ಯಾವಾಗ ನಿಲ್ಲಿಸಬೇಕು?’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ಉತ್ತರ ತರುವ ತನಕ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ. ಅದೇ ಪ್ರಶ್ನೆಗಳನ್ನು ನಿಮಗೂ ಕೇಳುತ್ತೇನೆ.

ನಿಮ್ಮ ದೊಡ್ಡಪ್ಪನಿಗೆ ಹಿಡಿಯಲು ಬರುತ್ತಿತ್ತು, ಬಿಡಲು ಬರುತ್ತಿರಲಿಲ್ಲ. ಹಾಗೆ ಬರೆದವರು ನೀವೇ. ಚೆಂಡು ಹಿಸುಕಿದರೆ ಅಭ್ಯಾಸವಾಗುವುದು ಬರುತ್ತಿದ್ದ ಹಿಡಿತವೇ ಹೊರತು ಬರದಿದ್ದ ಬಿಡುವಿಕೆಯಲ್ಲ. ಮೆದುಳು ಕಲಿಯುವುದು ಮಾಡಿದ ಕೆಲಸವನ್ನೇ. ಲೋಟ ಬಿಡುವುದು ಬೇಕಿದ್ದರೆ ಲೋಟವನ್ನೇ ಕೊಡಬೇಕು. ಬೆನ್ನು ಕುರ್ಚಿಗೆ ತಾಗಿರಲಿ, ಪಾದ ನೆಲದ ಮೇಲೆ ಪೂರ್ತಿ ಊರಿರಲಿ, ಮೇಜು ಮೊಣಕೈ ಎತ್ತರಕ್ಕಿರಲಿ. ಖಾಲಿ ಲೋಟವನ್ನು ಕೈಯಳತೆಗಿಂತ ಹತ್ತಿರ ಇಟ್ಟು, ಹೆಬ್ಬೆರಳು ಮೇಲಕ್ಕಿರುವಂತೆ ಕೈ ಚಾಚಿಸಬೇಕು. ಮುಟ್ಟುವ ಮೊದಲೇ ಬೆರಳು ಲೋಟದ ಅಗಲಕ್ಕಿಂತ ಹೆಚ್ಚು ತೆರೆಯಬೇಕು. ಹಿಡಿದು, ಎರಡು ಅಂಗುಲ ಎತ್ತಿ, ಇಟ್ಟು, ಬೆರಳು ಬಿಡಿಸಿ, ಕೈಯನ್ನು ಹಿಂದಕ್ಕೆ ತಂದರೆ ಒಂದು ಸಲ ಆಯಿತು.

ಕೆಡುವುದೂ ಇಲ್ಲೇ. ಭುಜ ಕಿವಿಯತ್ತ ಏರುತ್ತದೆ, ಮೊಣಕೈ ಪಕ್ಕಕ್ಕೆ ಹೋಗುತ್ತದೆ, ಕೈ ಚಾಚುವ ಬದಲು ಇಡೀ ಮೈ ಮುಂದಕ್ಕೆ ಬಾಗುತ್ತದೆ. ಮಣಿಕಟ್ಟು ಕೆಳಕ್ಕೆ ಬಿದ್ದರೆ ಹಿಂಗೈಯ ಸ್ನಾಯುರಜ್ಜುಗಳು ಬಿಗಿದು ಬೆರಳು ತಾವಾಗಿಯೇ ಕೊಂಚ ತೆರೆಯುತ್ತವೆ. ನೋಡುವವರಿಗೆ ಕೈ ಬಂತು ಅನ್ನಿಸುತ್ತದೆ, ಆದರೆ ಬೆರಳು ತೆರೆಯುವ ಸ್ನಾಯುಗಳು ಅದರಲ್ಲಿ ದುಡಿದೇ ಇಲ್ಲ. ಮೈ ಬಾಗಿಸಿ ಲೋಟ ಮುಟ್ಟಿದರೂ ಕೆಲಸ ಆಗಿಬಿಡುವುದರಿಂದ ಮೆದುಳು ಆ ಅಡ್ಡದಾರಿಯನ್ನೇ ರೂಢಿಸಿಕೊಳ್ಳುತ್ತದೆ. ಯಾವಾಗ ನಿಲ್ಲಿಸಬೇಕು ಎಂದರೆ ಆಗಲೇ. ಲೋಟವನ್ನು ಹತ್ತಿರ ತಂದು, ದಣಿವಾರಿಸಿಕೊಂಡು ಮತ್ತೆ ಶುರುಮಾಡಬೇಕು. ಬೇರೆಯವರು ಕೈ ಹಿಡಿದು ಆಡಿಸಿದರೆ ಕೀಲು ಬಿಗಿಯದಂತೆ ಕಾಯಬಹುದು, ಚಲನೆ ಕಲಿತಂತಾಗುವುದಿಲ್ಲ. ತಾನೇ ಕೈ ಚಾಚಿ ಗುರಿ ತಪ್ಪಿದಾಗ ಆದ ಅಂತರವನ್ನು ಕಿರುಮೆದುಳು ಅಳೆದು ಮುಂದಿನ ಸಲಕ್ಕೆ ತಿದ್ದಿಕೊಳ್ಳುತ್ತದೆ. ತಪ್ಪಲು ಅವಕಾಶವೇ ಇಲ್ಲದಿದ್ದರೆ ತಿದ್ದಲು ಏನಿದೆ?

ಎಷ್ಟು ಸಲ? ಅಮೆರಿಕ, ಕೆನಡಾಗಳ ಚಿಕಿತ್ಸಾ ಕೊಠಡಿಗಳಲ್ಲಿ ಎಣಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕೈಯ ಇಂಥ ಅಭ್ಯಾಸ ಒಂದು ಭೇಟಿಯಲ್ಲಿ ಸರಾಸರಿ 32 ಸಲ ನಡೆಯುತ್ತಿತ್ತು. ಪ್ರಾಣಿಗಳ ಮೆದುಳಿನಲ್ಲಿ ಬದಲಾವಣೆ ಕಂಡದ್ದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. 2006ರಲ್ಲಿ ಪ್ರಕಟವಾದ ಎಕ್ಸೈಟ್ ಎಂಬ ಚಿಕಿತ್ಸಾ ಪ್ರಯೋಗದಲ್ಲಿ 222 ಮಂದಿ ಇದ್ದರು, ಲಕ್ವ ಹೊಡೆದು 3ರಿಂದ 9 ತಿಂಗಳಾದವರು. ಚಿಕಿತ್ಸೆ ಪಡೆದವರ ಒಳ್ಳೆಯ ಕೈಗೆ ಎರಡು ವಾರ, ಎಚ್ಚರವಿರುವ ಹೊತ್ತಿನ ಬಹುಪಾಲು, ಅದನ್ನು ಬಳಸದಂತೆ ಕೈಗವಸು ತೊಡಿಸಿ ಸೋತ ಕೈಯಿಂದಲೇ ದಿನಕ್ಕೆ ಹಲವು ಗಂಟೆ ಕೆಲಸ ಮಾಡಿಸಿದರು. ಇದರ ಲಾಭ ಒಂದು ವರ್ಷದ ನಂತರವೂ ಉಳಿದಿತ್ತು. ಆದರೆ ಅಲ್ಲಿಗೆ ಸೇರಿಸಿಕೊಂಡದ್ದು ಮಣಿಕಟ್ಟನ್ನು ಕನಿಷ್ಠ 10 ಡಿಗ್ರಿ ಮೇಲೆತ್ತಬಲ್ಲವರನ್ನು ಮಾತ್ರ. ಈ ಷರತ್ತು ಬಿಟ್ಟು ಬರೆದರೆ, ಬೆರಳೇ ಅಲುಗದವರ ಒಳ್ಳೆಯ ಕೈಯನ್ನೂ ಯಾರಾದರೂ ಕಟ್ಟಿಹಾಕಿಯಾರು.

ಹಾಗಾಗಿ ‘ಮೊದಲಿನಂತಾಯಿತು’ ಎಂಬುದನ್ನು ತೆಗೆಯಿರಿ. ದೊಡ್ಡಪ್ಪ ಈಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೋ? ಅನ್ನ ಕಲಸುತ್ತಾರೋ? ಲೋಟಕ್ಕೆ ಕೈ ಚಾಚುವಾಗ ಬೆನ್ನು ಕುರ್ಚಿ ಬಿಡುತ್ತದೋ? ಲಕ್ವ ಹೊಡೆದ ಎಷ್ಟು ದಿನಕ್ಕೆ ಮಣಿಕಟ್ಟು ಎದ್ದಿತು? ಹೋಗಿ ಪಕ್ಕದಲ್ಲಿ ಕೂತು, ನೋಡಿ ಬರೆಯಿರಿ. ಮಿಕ್ಕ ಪುಟಗಳ ಬಗ್ಗೆ, ಒಂದು ಸಾಲಿನ ಹೊರತು, ನನ್ನ ತಕರಾರಿಲ್ಲ.

ಕೊನೆಯ ಪುಟದ ಆ ಸಾಲನ್ನಂತೂ ಹಾಗೆಯೇ ಬಿಡಲಾಗದು: “ಆ ಕೈ ಹಿಡಿದೆಳೆದು ಎಬ್ಬಿಸಿ ನಿಲ್ಲಿಸುತ್ತಿದ್ದೆವು.” ಸ್ನಾಯು ಸಡಿಲವಾದಾಗ ಭುಜದ ಕೀಲನ್ನು ಬಿಗಿಹಿಡಿಯುವವರಿಲ್ಲ. ಎಳೆದರೆ ಮೂಳೆಯ ಗುಂಡು ಜಾರಿ, ತಿಂಗಳುಗಟ್ಟಲೆ ನೋವು ಉಳಿದು, ನೋವಿಗೆ ಹೆದರಿ ಆ ಕೈಯನ್ನೇ ಬಳಸದೆ ಹೋಗುತ್ತಾರೆ. ಓದಿದವರು ಹಾಗೆಯೇ ಮಾಡಿಬಿಡುತ್ತಾರೆ. ಅದರ ಬದಲು ಹೀಗೆ ಬರೆಯಿರಿ: ಕುರ್ಚಿಯ ಅಂಚಿಗೆ ಸರಿಸಿ, ಪಾದಗಳನ್ನು ಮಂಡಿಗಿಂತ ಹಿಂದಕ್ಕೆ ಎಳೆದುಕೊಳ್ಳಲು ಹೇಳಿ, ಸೋತ ಪಕ್ಕದಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟು, ಮುಂದಕ್ಕೆ ಬಾಗಿಸಿ ಎಬ್ಬಿಸಬೇಕು. ಕಂಕುಳಿಗೂ ಕೈ ಹಾಕಬಾರದು.